ತಲೆ ಲೆಕ್ಕವೋ, ಪತ್ರದ ಲೆಕ್ಕವೋ?

ಕೇಳುಗರಿಗೆಲ್ಲ ನಮಸ್ಕಾರ. ಯೂಟ್ಯೂಬಿನಲ್ಲಿ ಅಡುಗೆ ಕಲಿಸುವವರು, ಪಾಡ್‌ಕಾಸ್ಟ್ ನಡೆಸುವವರು ಹಾಗೂ ವಾರಕ್ಕೊಂದು ಅಂಕಣ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ, ಲಕ್ಷಗಟ್ಟಲೆ ನೋಡುಗರಿದ್ದ ಎಷ್ಟೋ ಮಂದಿಗೆ ಆ ನೋಡುಗರನ್ನು ಮತ್ತೆ ತಲುಪುವ ದಾರಿಯೇ ಇರಲಿಲ್ಲ. ಇಮೇಲ್ ವಿಳಾಸಗಳ ಪಟ್ಟಿಯೊಂದು ಕೈಯಲ್ಲಿದ್ದರೆ ಆ ಪಾಡು ಬರುವುದಿಲ್ಲ.

ಆ ಪಟ್ಟಿಗೆ ಪತ್ರ ಕಳುಹಿಸಲು ಯಾವ ಸೇವೆ ಅಗ್ಗ? ‘ಯಾವುದು ಫ್ರೀ ಇದೆ, ಹೇಳಿಬಿಡಿ ಸಾರ್’ ಎಂದು ಕೇಳುವವರಿಗೆ ಉತ್ತರಿಸಿ ನನಗೆ ಸಾಕಾಗಿದೆ. ಕೇಳಬೇಕಾದ ಪ್ರಶ್ನೆ ಒಂದೇ: ಬಿಲ್ಲು ಪಟ್ಟಿಯಲ್ಲಿ ಎಷ್ಟು ಜನರಿದ್ದಾರೆ ಎಂಬ ತಲೆ ಲೆಕ್ಕದ್ದೋ, ಎಷ್ಟು ಪತ್ರ ಕಳುಹಿಸಿದಿರಿ ಎಂಬ ಪತ್ರದ ಲೆಕ್ಕದ್ದೋ?

ನಾನು ತಾರಸಿ ತೋಟದ ಬಗ್ಗೆ ವಾರಕ್ಕೊಂದು ಇಮೇಲ್ ಪತ್ರ ಬರೆಯುತ್ತೇನೆ. ಒಮ್ಮೆ ಕೃಷಿಮೇಳದಲ್ಲಿ ಬಸಳೆ ಬೀಜದ ಪೊಟ್ಟಣ ಹಂಚುತ್ತಾ, ಪಡೆದವರ ಇಮೇಲ್ ವಿಳಾಸವನ್ನು ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡೆ. ಎರಡು ರಾತ್ರಿ ಕುಳಿತು ಎಂಟುನೂರು ವಿಳಾಸಗಳನ್ನು ಟೈಪ್ ಮಾಡಿದೆ. ಒಬ್ಬರು ‘ಡಾಟ್ ಕಾಮ್’ ಬದಲು ‘ಡಾಟ್ ಕಾನ್’ ಎಂದು ಬರೆದಿದ್ದರು. ಇನ್ನೊಬ್ಬರು ಫೋನ್ ನಂಬರನ್ನೇ ಬರೆದು ಮುಂದೆ ಜಿಮೇಲ್ ಸೇರಿಸಿದ್ದರು. ನನ್ನ ಹಳೆಯ ನಾನೂರು ಓದುಗರ ಜೊತೆ ಇವರೂ ಸೇರಿದ್ದೇ ತಡ, ನಾನು ಬಳಸುತ್ತಿದ್ದ, ತಲೆ ಎಣಿಸುವ ಸೇವೆಯ ಉಚಿತ ಮಿತಿ ದಾಟಿ ಕಾರ್ಡಿಗೆ ಡಾಲರಿನಲ್ಲಿ ಬಿಲ್ಲು ಬೀಳತೊಡಗಿತು. ಐದು ತಿಂಗಳ ನಂತರ ಲೆಕ್ಕ ತೆಗೆದು ನೋಡಿದರೆ, ಮೇಳದ ಎಂಟುನೂರರಲ್ಲಿ ಪತ್ರ ತೆರೆದವರು ಅರವತ್ತೊಂದು ಮಂದಿ. ಅವರಿಗೆ ಬೇಕಾಗಿದ್ದದ್ದು ಬೀಜ, ನನ್ನ ಬರಹವಲ್ಲ. ಉಳಿದವರ ತಲೆಗೆ ನಾನು ಕಂದಾಯ ಕಟ್ಟುತ್ತಿದ್ದೆ. ತೆರೆಯದವರನ್ನೆಲ್ಲ ಅಳಿಸಿದ ದಿನವೇ ಬಿಲ್ಲು ನಿಂತಿತು.

ಆದ್ದರಿಂದಲೇ ಹೇಳುತ್ತೇನೆ, ಮೊದಲು ಲೆಕ್ಕದ ರೀತಿ ನೋಡಿ. 2024ರವರೆಗೆ ಕನ್ವರ್ಟ್‌ಕಿಟ್ ಎನಿಸಿಕೊಂಡಿದ್ದ ಕಿಟ್ ಮತ್ತು ಮೇಲರ್‌ಲೈಟ್ ಎಂಬ ಸೇವೆಗಳು ತಲೆ ಎಣಿಸುತ್ತವೆ. ಚಿಕ್ಕ ಪಟ್ಟಿಗೆ ಪದೇ ಪದೇ ಬರೆಯುವವರಿಗೆ ಇದು ಹೊಂದುತ್ತದೆ. 2023ರಲ್ಲಿ ಸೆಂಡಿನ್‌ಬ್ಲೂ ಎಂಬ ಹೆಸರು ಬಿಟ್ಟ ಬ್ರೆವೊ ಪತ್ರ ಎಣಿಸುತ್ತದೆ. ದೊಡ್ಡ ಪಟ್ಟಿಯಿದ್ದು ಅಪರೂಪಕ್ಕೆ ಬರೆಯುವವರಿಗೆ ಅದೇ ಲಾಭ. ಆದರೆ ದಿನಕ್ಕೆ ಮುನ್ನೂರು ಪತ್ರಗಳ ಉಚಿತ ಮಿತಿಯಲ್ಲಿ ಸಾವಿರದ ಇನ್ನೂರು ಜನರಿಗೆ ಕಳುಹಿಸಲು ನಾಲ್ಕು ದಿನ ಬೇಕು. ಕೊನೆಯ ಮುನ್ನೂರು ಮಂದಿಗೆ ನಿಮ್ಮ ಯುಗಾದಿ ಶುಭಾಶಯ ಹೊಸತೊಡಕೂ ಮುಗಿದ ಮೇಲೆಯೇ ಸಿಗುವುದು. ಸಬ್‌ಸ್ಟ್ಯಾಕ್ ಕಳುಹಿಸಲು ಕಾಸು ಕೇಳುವುದಿಲ್ಲ, ಓದುಗರು ಕೊಡುವ ಚಂದಾದಲ್ಲಿ ನೂರಕ್ಕೆ ಹತ್ತು ಇಟ್ಟುಕೊಳ್ಳುತ್ತದೆ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಪಟ್ಟಿಯನ್ನು ಇಡಿಯಾಗಿ ಇಳಿಸಿಕೊಳ್ಳಲು ಬಿಡದ ಸೇವೆಗೆ ಸೇರಲೇಬೇಡಿ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ರಾಶಿಗಟ್ಟಲೆ ಪತ್ರ ಕಳುಹಿಸುವವರ ಮೇಲಿನ ನಿಯಮ ಬಿಗಿಗೊಳಿಸಿರುವುದರಿಂದ ಸ್ವಂತ ಡೊಮೇನಿನ, ಅಂದರೆ ನಿಮ್ಮದೇ ಜಾಲತಾಣದ ಹೆಸರಿನ, ವಿಳಾಸದಿಂದಲೇ ಕಳುಹಿಸಿ. ಜಿಮೇಲ್ ಸುಮಾರು 102 ಕಿಲೋಬೈಟ್ ಮೀರಿದ ಪತ್ರವನ್ನು ನಡುವೆಯೇ ಕತ್ತರಿಸಿ ತೋರಿಸುತ್ತದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ‘ಕ’ಕಾರಕ್ಕೆ ಮೂರು ಬೇಕು, ‘ಕಾ’ ಆದರೆ ಆರು. ಹಾಗಾಗಿ ಕನ್ನಡದಲ್ಲಿ ಬರೆಯುವವರು, ದಯವಿಟ್ಟು, ಪತ್ರವನ್ನು ಸ್ವಲ್ಪ ಗಿಡ್ಡ ಮಾಡಿ. ನಮಸ್ಕಾರ.