ಟೈನ್ ದಂಡೆಯಲ್ಲಿ ಕಿವಿಗೊಟ್ಟು ನಡೆದಾಗ

ಕೇಳುಗರಿಗೆ ನಮಸ್ಕಾರ.

ನೀವು ಈಗ ಅಡುಗೆಮನೆಯಲ್ಲಿದ್ದೀರೋ ಬಸ್ಸಿನಲ್ಲಿದ್ದೀರೋ, ಬಾನುಲಿಯಲ್ಲಿ ಮಾತನಾಡುತ್ತಿರುವ ನನಗೆ ತಿಳಿಯುವ ಬಗೆಯಿಲ್ಲ. ಆದರೆ ಹಳೆಯ ಊರುಗಳ ನದೀತೀರದಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ತಮ್ಮ ಪಾಡಿಗೆ ತಾವು ನಡೆಯುವವರಿಗಾಗಿ ಮುದ್ರಿಸಿಟ್ಟ ಧ್ವನಿ ಮಾರ್ಗದರ್ಶಿಗೆ, ಅಂದರೆ ಆಡಿಯೋ ಗೈಡಿಗೆ, ತನ್ನ ಕೇಳುಗರು ಯಾವ ಗೋಡೆಯ ಮುಂದೆ ನಿಂತಿದ್ದಾರೆಂಬುದು ಗೊತ್ತಿರುತ್ತದೆ. ನನಗೆ ಹೊಟ್ಟೆಕಿಚ್ಚು ತರಿಸುವ ಈ ಅನುಕೂಲಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಟೈನ್ ನದಿಯ ದಂಡೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕಲ್ಲಿದ್ದಲು ಮತ್ತು ಹಡಗುಗಳಿಂದ ಬೆಳೆದು, ಅವು ಸೊರಗಿದಾಗ ಕಳೆಗುಂದಿದ್ದ ಈ ದಂಡೆ ಕಳೆದ ಕೆಲವು ದಶಕಗಳಲ್ಲಿ ಮತ್ತೆ ಚಿಗುರಿದೆ. ಎದುರು ದಡದ ಗೇಟ್ಸ್‌ಹೆಡ್‌ಗೆ ಹೋಗಲು 2001ರಲ್ಲಿ ತೆರೆದ ಕಾಲ್ಸೇತುವೆ, ಹಡಗಿಗೆ ದಾರಿ ಬಿಡಲು ಕಣ್ಣಿನ ರೆಪ್ಪೆಯಂತೆ ಮೇಲಕ್ಕೆ ಹೊರಳುತ್ತದೆ. ಅದರ ಪಕ್ಕದ ಹಿಟ್ಟಿನ ಗಿರಣಿ 2002ರಿಂದ ಕಲಾಕೇಂದ್ರವಾಗಿದೆ. ಇವನ್ನು ವಿವರಿಸಲು ಧ್ವನಿಯ ಹಂಗೇನೂ ಬೇಡ, ಕಣ್ಣೇ ಸಾಕು.

ಧ್ವನಿ ಬೇಕಾಗುವುದು ಸ್ಯಾಂಡ್‌ಹಿಲ್ ಬೀದಿಯ ಹಳೆಯ ಮನೆಯೊಂದರ ಮುಂದೆ. ಅದರ ಕಿಟಕಿಗಳಲ್ಲಿ ಒಂದಕ್ಕೆ ಮಾತ್ರ ನೀಲಿ ಗಾಜು ಕೂರಿಸಿದ್ದಾರೆ. 1772ರ ನವೆಂಬರಿನ ಒಂದು ರಾತ್ರಿ ಬ್ಯಾಂಕರನ ಮಗಳು ಬೆಸಿ ಸರ್ಟೀಸ್ ಆ ಕಿಟಕಿಯಿಂದ ಏಣಿ ಇಳಿದು, ಕಲ್ಲಿದ್ದಲು ವ್ಯಾಪಾರಿಯ ಮಗ ಜಾನ್ ಸ್ಕಾಟ್ ಜೊತೆ ಸ್ಕಾಟ್ಲೆಂಡಿಗೆ ಓಡಿಹೋಗಿ ಮದುವೆಯಾದಳು. ಮಾವನಿಗೆ ಬೇಡವಾಗಿದ್ದ ಆ ಅಳಿಯ ಮುಂದೆ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್, ಅಂದರೆ ನ್ಯಾಯಾಂಗದ ಮುಖ್ಯಸ್ಥನಾದ.

ಇನ್ನು ಇಲ್ಲಿನ ಇಕ್ಕಟ್ಟಾದ ಓಣಿಗಳಿಗೆ ಸ್ಥಳೀಯರು ಇಟ್ಟ ಹೆಸರು ಚೇರ್; ನಾವು ಕೂರುವ ಚೇರಿಗೂ ಅದಕ್ಕೂ ಸಂಬಂಧವಿಲ್ಲ. ‘ಚೇರಿನ ಬುಡದಿಂದ ಮೂವರು ಹೊರಬಂದರು’ ಎಂದು ಸಾಕ್ಷಿಯೊಬ್ಬ ಹೇಳಿದ್ದನ್ನು ಕೇಳಿ, ಪರಊರಿನ ನ್ಯಾಯಾಧೀಶರು ಅವನಿಗೆ ತಲೆ ಕೆಟ್ಟಿದೆಯೆಂದು ತಿಳಿದರಂತೆ. ಇಂಗ್ಲಿಷ್ ಅಚ್ಚಿನಲ್ಲಿ ಕಾಗುಣಿತವೇ ಗುಟ್ಟು ಬಿಟ್ಟುಕೊಡುವ ಈ ನಗೆ, ಕಿವಿಗೆ ಮಾತ್ರ ಸಲ್ಲುವಂಥದ್ದು. ಆದರೆ ಜಿಪಿಎಸ್ ನಂಬಿ ತಾನಾಗಿಯೇ ಶುರುವಾಗುವ ಧ್ವನಿ ಎತ್ತರದ ಗೋಡೆಗಳ ನಡುವೆ ತಬ್ಬಿಬ್ಬಾಗುವುದುಂಟು; ಪಕ್ಕದ ಓಣಿಯ ಕಥೆಯನ್ನು ಇಲ್ಲಿಯೇ ಹೇಳಿಬಿಡುತ್ತದೆ. ಆದ್ದರಿಂದ, ಬೇಕಾದಾಗ ನಾವೇ ಗುಂಡಿ ಒತ್ತುವ ವ್ಯವಸ್ಥೆಯೇ ನನಗೆ ಹಿತ.

ಈ ಓಣಿಗಳಲ್ಲಿ ಹಲವು ಈಗಿಲ್ಲ. 1854ರ ಅಕ್ಟೋಬರ್ 6ರಂದು ಗೇಟ್ಸ್‌ಹೆಡ್‌ನ ಉಣ್ಣೆಯ ಗಿರಣಿಯೊಂದರಲ್ಲಿ ಹೊತ್ತಿದ ಬೆಂಕಿ ರಾಸಾಯನಿಕಗಳಿದ್ದ ಉಗ್ರಾಣಕ್ಕೆ ತಗುಲಿ, ಅದು ಸಿಡಿದಾಗ ಉರಿಯುವ ಕೊಳ್ಳಿಗಳು ನದಿಯನ್ನೇ ದಾಟಿ ಈ ದಡದ ಮೇಲೆ ಬಿದ್ದವು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಇಲ್ಲಿ ನಿಂತು ನದಿಯ ಅಗಲವನ್ನು ಕಣ್ಣಿನಿಂದ ಅಳೆದವರಿಗೆ ಆ ಸ್ಫೋಟದ ಬಲ ತಾನಾಗಿಯೇ ತಿಳಿಯುತ್ತದೆ. ಹಿನ್ನೆಲೆಯಲ್ಲಿ ಪಿಟೀಲು ನುಡಿಸಬೇಕಾಗಿಲ್ಲ.

ಕೊನೆಗೆ, 1928ರಲ್ಲಿ ತೆರೆದ ಟೈನ್ ಸೇತುವೆ. ಕಡಲಹಕ್ಕಿಗಳಾದ ಕಿಟ್ಟಿವೇಕ್‌ಗಳು ಬಂಡೆಯ ಅಂಚುಗಳನ್ನು ಬಿಟ್ಟು ಇಷ್ಟು ಒಳನಾಡಿಗೆ ಬಂದು, ಈ ಸೇತುವೆಯ ಉಕ್ಕು ಮತ್ತು ಕಲ್ಲಿನ ಸಂದುಗಳಲ್ಲಿ ವಸಂತದಿಂದ ಬೇಸಿಗೆಯವರೆಗೆ ಗೂಡು ಕಟ್ಟುತ್ತವೆ. ಅವುಗಳ ಹೆಸರು ಬಂದಿರುವುದೇ ಅವುಗಳ ಕೂಗಿನಿಂದ. ಜಾಣ ಮಾರ್ಗದರ್ಶಿಯಾದರೆ ಇಷ್ಟನ್ನು ಹೇಳಿ, ಇಯರ್‌ಫೋನ್ ತೆಗೆಯಿರಿ ಎಂದು ಸುಮ್ಮನಾಗುತ್ತದೆ.