ಸ್ವಿಚ್‌ಗೆ ದೂರದಿಂದಲೇ ನಮಸ್ಕಾರ

ಕೇಳುಗರಿಗೆಲ್ಲ ನಮಸ್ಕಾರ.

ಗೇಮ್ ಆಡುವವರು ನಾಲ್ಕು ಜನ ಸೇರಿದ ಕಡೆ "ನನಗೆ ಸ್ವಿಚ್ ಬೇಡ" ಎಂದು ಹೇಳಿ ನೋಡಿ. ಒಂದು ಕ್ಷಣ ಯಾರೂ ಮಾತಾಡುವುದಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಶುರು ಮಾಡುತ್ತಾರೆ. "ಜೆಲ್ಡಾ ಆಡೇ ಇಲ್ವಾ?" "ಮಾರಿಯೊ ಕಾರ್ಟ್ ಒಂದು ಸಲ ಆಡು, ಆಮೇಲೆ ಮಾತಾಡು." ಮದುವೆ ಬೇಡ ಎಂದವನಿಗೆ ನೆಂಟರಿಷ್ಟರು ಬುದ್ಧಿ ಹೇಳುವ ಧಾಟಿಯೇ ಅದು.

ಸ್ವಿಚ್ ಎಂದರೆ ಜಪಾನಿನ ನಿಂಟೆಂಡೊ ಕಂಪನಿಯ ಕನ್ಸೋಲ್, ಅಂದರೆ ವಿಡಿಯೋ ಗೇಮ್ ಆಡುವ ಯಂತ್ರ. 2017ರ ಮಾರ್ಚ್ 3ರಂದು ಮಾರಾಟಕ್ಕೆ ಬಂತು. ನಡುವೆ 6.2 ಇಂಚಿನ ಪರದೆ, ಎಡಕ್ಕೊಂದು ಬಲಕ್ಕೊಂದು ಜಾಯ್‌ಕಾನ್ ಎಂಬ ಪುಟ್ಟ ಕಂಟ್ರೋಲರ್. ಕೈಯಲ್ಲಿ ಹಿಡಿದು ಆಡಬಹುದು. ಡಾಕ್ ಎಂಬ ಗೂಡಿನೊಳಗೆ ಇಳಿಸಿದರೆ ಅದೇ ಆಟ ಟಿವಿಯಲ್ಲಿ ಮುಂದುವರಿಯುತ್ತದೆ. ಈವರೆಗೆ ಜಗತ್ತಿನಲ್ಲಿ 15 ಕೋಟಿಗೂ ಮೀರಿ ಮಾರಾಟವಾಗಿದೆ. 2025ರ ಜೂನ್ 5ರಂದು ಇದರ ತಮ್ಮ ಸ್ವಿಚ್ 2 ಬಂದಾಗ ಮೊದಲ ನಾಲ್ಕೇ ದಿನದಲ್ಲಿ 35 ಲಕ್ಷ ಖರ್ಚಾಯಿತು. ಅಂದಮೇಲೆ ಇದನ್ನು ಕೆಟ್ಟ ವಸ್ತು ಎಂದು ಹೇಳಲು ನಾನು ಇಲ್ಲಿ ಕೂತಿಲ್ಲ.

ಆದರೆ ವರ್ಷಗಟ್ಟಲೆ ಗೇಮ್ ಆಡಿಕೊಂಡು ಬಂದ, ಗೇಮಿಗಾಗಿ ನಿದ್ದೆಗೆಟ್ಟ ಎಷ್ಟೋ ಜನರಿಗೆ ಇದರ ಮೇಲೆ ಆಸೆಯೇ ಹುಟ್ಟುವುದಿಲ್ಲ. ಅವರನ್ನು ಜಂಭಗಾರರು, "ಅದು ಮಕ್ಕಳಾಟ" ಎಂದು ಮೂಗು ಮುರಿಯುವವರು ಎಂದು ತಳ್ಳಿಹಾಕುವುದು ಸುಲಭ. ಅಂಥವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. ಉಳಿದವರ ಕಡೆಯಿಂದ ಇವತ್ತು ನನ್ನದೊಂದು ವಕಾಲತ್ತು. ನಾನೂ ಆ ಪೈಕಿಯೇ ಎಂದು ಮೊದಲೇ ಹೇಳಿಬಿಡುತ್ತೇನೆ.

ಎಲ್ಲಿ ಬೇಕಾದರೂ ಆಡಬಹುದು ಎನ್ನುವುದು ಸ್ವಿಚ್ ಕೊಡುವ ದೊಡ್ಡ ಭರವಸೆ. ಈ "ಎಲ್ಲಿ ಬೇಕಾದರೂ" ಎನ್ನುವ ಜಾಗ ಯಾವುದು ಎಂದು ಸ್ವಲ್ಪ ಕೆದಕೋಣ.

ಹೀಗೆ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ಹುಟ್ಟಿದ್ದೇ ಜಪಾನಿನ ರೈಲಿನಲ್ಲಿ ಎಂಬ ಕಥೆಯಿದೆ. ನಿಂಟೆಂಡೊದ ಗುನ್‌ಪೆ ಯೊಕೊಯಿ ಒಮ್ಮೆ ರೈಲಿನಲ್ಲಿ ಹೋಗುವಾಗ, ಹೊತ್ತು ಹೋಗದ ಆಫೀಸಿನವನೊಬ್ಬ ಕ್ಯಾಲ್ಕುಲೇಟರಿನ ಬಟನ್ ಒತ್ತುತ್ತಾ ಕೂತಿದ್ದನ್ನು ಕಂಡರಂತೆ. ಅಲ್ಲಿಂದ 1980ರಲ್ಲಿ ಗೇಮ್ ಅಂಡ್ ವಾಚ್, 1989ರಲ್ಲಿ ಗೇಮ್ ಬಾಯ್. ಮುಂದೆ ಸೋನಿ ಕಂಪನಿಯ ಪಿಎಸ್‌ಪಿ ಬಂದಾಗ ಜಪಾನಿನ ಹುಡುಗರು ಒಂದೆಡೆ ಕೂತು, ನಾಲ್ಕು ಪಿಎಸ್‌ಪಿಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಮಾನ್‌ಸ್ಟರ್ ಹಂಟರ್ ಆಡಿದರು. 2011ರಲ್ಲಿ ನಿಂಟೆಂಡೊ 3ಡಿಎಸ್ ಎಂಬ ಕನ್ಸೋಲಿಗೆ ಸ್ಟ್ರೀಟ್‌ಪಾಸ್ ಎಂಬ ಸೌಲಭ್ಯವನ್ನೇ ಇಟ್ಟಿತು. ನಿಮ್ಮ ಚೀಲದಲ್ಲಿ ಒಂದು 3ಡಿಎಸ್, ಎದುರಿನಿಂದ ಬಂದವರ ಚೀಲದಲ್ಲಿ ಇನ್ನೊಂದು ಇದ್ದರೆ, ಎರಡೂ ತಮ್ಮಷ್ಟಕ್ಕೆ ಮಾತಾಡಿಕೊಂಡು ಮಾಹಿತಿ ಬದಲಾಯಿಸಿಕೊಳ್ಳುತ್ತಿದ್ದವು. ಟೋಕಿಯೊದಂಥ ಊರಿನಲ್ಲಿ ಇದು ಸೊಗಸು. ಎದುರಿಗೆ ಬರುವವರ ಬಳಿ 3ಡಿಎಸ್ ಇಲ್ಲದ ಊರಿನಲ್ಲಿ ಎಷ್ಟು ಅಲೆದಾಡಿದರೂ ಏನೂ ಆಗುವುದಿಲ್ಲ.

ನಮ್ಮ ಬೆಂಗಳೂರನ್ನೇ ನೋಡಿ. ಆಫೀಸಿಗೆ ಹೋಗುವ ಅರ್ಧ ಜನ ಸ್ಕೂಟರಿನ ಮೇಲಿರುತ್ತಾರೆ, ಎರಡು ಕೈಯೂ ಹ್ಯಾಂಡಲ್ ಮೇಲೆ. ಬೆಳಿಗ್ಗೆ ಒಂಬತ್ತರ ಮೆಟ್ರೋದಲ್ಲಿ ನಿಲ್ಲಲು ಜಾಗ ಸಿಕ್ಕಿದ್ದೇ ಪುಣ್ಯ. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಎದೆಗವಚಿಕೊಂಡ ಬ್ಯಾಗಿಗೆ. ಸ್ವಿಚ್‌ಗೆ ಎರಡು ಕೈ ಬೇಕು. ಒಂದೇ ಹೆಬ್ಬೆರಳಿನಲ್ಲಿ ಆಡುವುದಕ್ಕೆ ಫೋನ್ ಇದೆ, ಅದು ಹೇಗೂ ಜೇಬಿನಲ್ಲಿದೆ. ಇನ್ನು ಊರಿಗೆ ಹೋಗುವ ರಾತ್ರಿ ಬಸ್ಸು. ಮೊದಲ ಸ್ವಿಚ್‌ನ ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ ಎಂದು ಕಂಪನಿಯೇ ಹೇಳಿತ್ತು. ಜೆಲ್ಡಾದಂಥ ಭಾರೀ ಗೇಮಾದರೆ ಮೂರು ಗಂಟೆ. ಹುಬ್ಬಳ್ಳಿಗೆ ಹೊರಟವರು ಚಿತ್ರದುರ್ಗ ತಲುಪುವಷ್ಟರಲ್ಲಿ ಆಟ ಮುಗಿಯಿತು. 2019ರ ಹೊಸ ಮಾದರಿಯಲ್ಲಿ ಬ್ಯಾಟರಿ ಸುಧಾರಿಸಿತು, ನಮ್ಮ ರಸ್ತೆಯ ಉಬ್ಬುಗಳು ಸುಧಾರಿಸಲಿಲ್ಲ. ಅಮೆರಿಕದಲ್ಲಿ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುವವರ ಪಾಡೂ ಇದೇ: ದಾರಿಯಲ್ಲಿ ಆಡುವ ಯೋಗ ಅವರಿಗೂ ಇಲ್ಲ.

ಇಲ್ಲೊಂದು ತಮಾಷೆ ಇದೆ. ಸ್ವಿಚ್ ಅತಿ ಹೆಚ್ಚು ಮಾರಾಟವಾಗಿದ್ದು 2020ರ ಏಪ್ರಿಲ್‌ನಿಂದ 2021ರ ಮಾರ್ಚ್‌ವರೆಗಿನ ವರ್ಷದಲ್ಲಿ, 2 ಕೋಟಿ 88 ಲಕ್ಷ. ಅಂದರೆ ಕೊರೊನಾ ಕಾಲದಲ್ಲಿ, ಯಾರೂ ಎಲ್ಲಿಗೂ ಹೋಗದ ಹೊತ್ತಿನಲ್ಲಿ. ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಕನ್ಸೋಲನ್ನು ಜನ ಮನೆಯಲ್ಲಿ ಕೂತು ಆಡಲು ಕೊಂಡರು!

ಸರಿ, ಮನೆಯಲ್ಲೇ ಆಡೋಣ. ಟಿವಿಗೆ ಜೋಡಿಸಿ ಆಡಿದರೆ, ಒಳಗಿರುವುದು ಎನ್‌ವಿಡಿಯಾ ಕಂಪನಿಯ ಟೆಗ್ರಾ ಎಕ್ಸ್1, 2015ರಲ್ಲಿ ಪ್ರಕಟವಾದ ಮೊಬೈಲ್ ಚಿಪ್. ಸೋನಿಯ 2013ರ ಕನ್ಸೋಲ್ ಪ್ಲೇಸ್ಟೇಷನ್ 4 ಇದಕ್ಕಿಂತ ಬಲವಾಗಿತ್ತು. ಪುಟ್ಟ ಪರದೆಯಲ್ಲಿ ಮುದ್ದಾಗಿ ಕಂಡ ಚಿತ್ರ 55 ಇಂಚಿನ ಟಿವಿಯಲ್ಲಿ ಮಸುಕು ಮಸುಕು. ಕೈಯಲ್ಲಿ ಹಿಡಿದು ಆಡುತ್ತೇನೆ ಎಂದರೆ ಜಾಯ್‌ಕಾನ್ ಸಮೇತ ಸುಮಾರು 400 ಗ್ರಾಂ. ಹೆಚ್ಚೇನಲ್ಲ ಅನ್ನಿಸುತ್ತದೆ. ಅಂಗಾತ ಮಲಗಿ ಅರ್ಧ ಗಂಟೆ ಮುಖದ ಮೇಲೆ ಎತ್ತಿ ಹಿಡಿಯಿರಿ, ಮೂಗು ತಾನೇ ಹೇಳುತ್ತದೆ.

ಇನ್ನು ಆ ಜಾಯ್‌ಕಾನ್. ಕಳಚಿ ಅಡ್ಡ ಹಿಡಿದರೆ ಒಂದೊಂದೂ ಒಬ್ಬೊಬ್ಬರಿಗೆ ಕಂಟ್ರೋಲರ್ ಆಗುತ್ತದೆ. ಮಕ್ಕಳ ಕೈಗೆ ಚೆನ್ನ. ಉದ್ದ ಹತ್ತು ಸೆಂಟಿಮೀಟರ್ ಚಿಲ್ಲರೆ, ಅಗಲ ನಾಲ್ಕೂ ಇಲ್ಲ. ಬಲಗಡೆಯ ಜಾಯ್‌ಕಾನ್ ಪಾಲಿಗೆ ಬಂದವರ ಕಷ್ಟ ಕೇಳಲೇಬೇಡಿ: ಅಡ್ಡ ತಿರುಗಿಸಿದಾಗ ಅದರ ಸ್ಟಿಕ್, ಅಂದರೆ ಹೆಬ್ಬೆರಳಿನಿಂದ ದಿಕ್ಕು ತಿರುಗಿಸುವ ಪುಟ್ಟ ಕೋಲು, ನಟ್ಟನಡುವೆ ಬಂದು ಕೂರುತ್ತದೆ. ಎಡ ಹೆಬ್ಬೆರಳನ್ನು ಅಲ್ಲಿಯವರೆಗೆ ಮಡಚಿ ಚಾಚಬೇಕು, ಎರಡು ತೋರುಬೆರಳು ಮೇಲಿನ ಕಡ್ಡಿಯಂಥ ಬಟನ್‌ಗಳನ್ನು ತಡಕಾಡಬೇಕು. ದೊಡ್ಡ ಅಂಗೈ ಇರುವವರು ಮಾರಿಯೊ ಕಾರ್ಟ್‌ನ ಎರಡು ರೇಸ್ ಮುಗಿಸಿ ಬೆರಳು ನೆಟಿಕೆ ತೆಗೆಯುತ್ತಾರೆ. ಆ ಸ್ಟಿಕ್‌ಗೆ ಇನ್ನೊಂದು ಕಾಯಿಲೆ, ಡ್ರಿಫ್ಟ್. ಸ್ಟಿಕ್ಕಿನ ಕೆಳಗೆ ಇಂಗಾಲದ ಲೇಪನವಿರುವ ಪಟ್ಟಿಯ ಮೇಲೆ ಲೋಹದ ಪುಟ್ಟ ಕಾಲುಗಳು ಸವರಿಕೊಂಡು ಓಡಾಡುತ್ತವೆ. ದಿನ ಕಳೆದಂತೆ ಲೇಪನ ಸವೆಯುತ್ತದೆ. ನೀವು ಮುಟ್ಟದಿದ್ದರೂ ಪರದೆಯ ಮೇಲಿನ ಮನುಷ್ಯ ತಾನಾಗಿಯೇ ನಡೆದುಕೊಂಡು ಹೋಗಿ ಬೆಟ್ಟದಿಂದ ಬೀಳುತ್ತಾನೆ. ಅಮೆರಿಕದಲ್ಲಿ ಇದರ ಮೇಲೆ ಕೇಸುಗಳಾದವು, 2020ರಲ್ಲಿ ಕಂಪನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಕ್ಷಮೆಯನ್ನೂ ಕೇಳಿದರು.

ದುಡ್ಡಿನ ವಿಷಯಕ್ಕೆ ಬಂದರೆ, ಕಂಪ್ಯೂಟರಿನಲ್ಲಿ ಆಡುವವರಿಗೆ ನಿಂಟೆಂಡೊ ರೀತಿ ಅರ್ಥವೇ ಆಗುವುದಿಲ್ಲ. ಕಂಪ್ಯೂಟರ್ ಗೇಮುಗಳನ್ನು ಮಾರುವ ಸ್ಟೀಮ್ 2015ರಿಂದ ರೂಪಾಯಿಯಲ್ಲೇ ಬೆಲೆ ಹಾಕುತ್ತಿದೆ. ಬೇಸಿಗೆ ಸೇಲ್, ಚಳಿಗಾಲದ ಸೇಲ್ ಬಂದರೆ ಎರಡು ಮೂರು ವರ್ಷ ಹಳೆಯ ದೊಡ್ಡ ಗೇಮು ಅರ್ಧಕ್ಕೆ, ಕಾಲಿಗೆ ಸಿಗುತ್ತದೆ. ಕಾಯುವ ತಾಳ್ಮೆ ಇದ್ದವನೇ ಜಾಣ. ನಿಂಟೆಂಡೊ ಗೇಮು ಹಾಗಲ್ಲ. 2017ರಲ್ಲಿ 60 ಡಾಲರಿಗೆ ಬಂದ ಜೆಲ್ಡಾ, ವರ್ಷಗಳು ಉರುಳಿದರೂ ಅದೇ 60 ಡಾಲರಿನ ಹಲಗೆ ಹಾಕಿಕೊಂಡು ಕೂತಿತ್ತು. ಸೇಲ್ ಆದರೂ ಮನಸ್ಸಿಲ್ಲದ ಮನಸ್ಸಿನ ಸೇಲ್.

ಅದರ ಮೇಲೆ, ಒಮ್ಮೆ ಕೊಂಡಿದ್ದನ್ನೇ ಮತ್ತೆ ಕೊಳ್ಳಬೇಕು. ವಿಚರ್ 3 ಎಂಬ ಗೇಮು 2015ರಲ್ಲಿ ಬಂದದ್ದು. ಅದು 2019ರಲ್ಲಿ ಸ್ವಿಚ್‌ಗೂ ಬಂತು. ಅಷ್ಟು ದೊಡ್ಡ ಪ್ರಪಂಚವನ್ನು, ಎರಡು ಹೆಚ್ಚುವರಿ ಕಥೆಗಳ ಸಮೇತ, 32 ಜಿಬಿಯ ಬೆರಳುಗುರಿನಷ್ಟು ಕಾರ್ಡಿನಲ್ಲಿ ತುರುಕಿದ್ದು ಎಂಜಿನಿಯರುಗಳ ಸಾಹಸವೇ, ಶಹಬ್ಬಾಸ್ ಎನ್ನಬೇಕು. ಆದರೆ ಕೈಯಲ್ಲಿ ಹಿಡಿದಾಗ ಅದು ಓಡುವುದು 540ಪಿ ಎಂಬ ಕಡಿಮೆ ಸ್ಪಷ್ಟತೆಯ ಮಟ್ಟದಲ್ಲಿ. ಕಂಪ್ಯೂಟರಿನಲ್ಲಿ ಕೊಂಡು, ಮುಗಿಸಿ, ಬೇಕೆಂದಾಗ ಹೊಸ ಲ್ಯಾಪ್‌ಟಾಪಿನಲ್ಲಿ ಮತ್ತೆ ಹಾಕಿಕೊಳ್ಳಬಲ್ಲವರು ಮಸುಕಾದ ಚಿತ್ರಕ್ಕೆ ಇನ್ನೊಮ್ಮೆ ದುಡ್ಡು ಯಾಕೆ ಕೊಟ್ಟಾರು?

ಭಾರತದಲ್ಲಿ ಕೊಳ್ಳುವುದೂ ಒಂದು ವ್ಯವಹಾರವೇ. ನಿಂಟೆಂಡೊ ಇಲ್ಲಿ ಸ್ವಿಚ್ಚನ್ನು ಅಧಿಕೃತವಾಗಿ ಮಾರಿಲ್ಲ. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಹೊರಗಿನಿಂದ ತರಿಸಿದ್ದು ಸಿಗುತ್ತದೆ, ಇಲ್ಲವೇ ದುಬೈಯಿಂದಲೋ ಸಿಂಗಪುರದಿಂದಲೋ ಬರುವ ಭಾವನಿಗೆ ಹೇಳಿಡಬೇಕು. ತಂದಮೇಲೆ ಅಮೆರಿಕದ ವಿಳಾಸ ಹಾಕಿ ಖಾತೆ ತೆರೆದು, ಡಾಲರಿನ ಗಿಫ್ಟ್ ಕಾರ್ಡ್ ಹುಡುಕಿ ಗೇಮ್ ಕೊಳ್ಳಬೇಕು. ಡ್ರಿಫ್ಟ್ ಆದರೆ ಉಚಿತ ರಿಪೇರಿ ಅಮೆರಿಕದವರಿಗೆ. ನಮಗೆ ಗಲ್ಲಿಯ ಮೊಬೈಲ್ ರಿಪೇರಿಯವರೇ ಗತಿ. ಇಷ್ಟು ಪಾಡು ಪಡಲು ಆಸೆ ಗಟ್ಟಿಯಾಗಿರಬೇಕು.

ಆ ಆಸೆ ಎಲ್ಲಿಂದ ಬರಬೇಕು? ನನ್ನ ಮಟ್ಟಿಗೆ ಗಟ್ಟಿ ಕಾರಣ ಇಲ್ಲಿದೆ. ಅಮೆರಿಕ, ಜಪಾನಿನ ಒಂದು ತಲೆಮಾರು ಬೆಳೆದಿದ್ದೇ ಗೇಮ್ ಬಾಯ್ ಹಿಡಿದುಕೊಂಡು. ಅವರಿಗೆ ಜೆಲ್ಡಾ, ಪೊಕೆಮಾನ್ ಎಂದರೆ ಬಾಲ್ಯ. ಸ್ವಿಚ್ ಕೊಳ್ಳುವಾಗ ಅರ್ಧ ದುಡ್ಡು ಅವರು ಆ ನೆನಪಿಗೇ ಕೊಡುತ್ತಾರೆ. ತೊಂಬತ್ತರ ದಶಕದ ನಮ್ಮ ಮಕ್ಕಳ ಕೈಗೆ ಬಂದಿದ್ದು ಜಾತ್ರೆಯ ಅಂಗಡಿಯ ಬ್ರಿಕ್ ಗೇಮ್. 9999 ಆಟ ಎಂದು ಬರೆದಿರುತ್ತಿತ್ತು, ಒಳಗೆ ಇಟ್ಟಿಗೆ ಬೀಳಿಸುವ ಆಟವನ್ನೇ ಹೆಸರು ಬದಲಿಸಿ ತುಂಬಿರುತ್ತಿದ್ದರು. ಅನುಕೂಲಸ್ಥರ ಮನೆಯಲ್ಲಿ ಟಿವಿಗೆ ಹಾಕುವ ವಿಡಿಯೋ ಗೇಮ್, ಹಳದಿ ಕ್ಯಾಸೆಟ್ಟು, ಅದರಲ್ಲಿ ಮಾರಿಯೊ ಮತ್ತು ಕಾಂಟ್ರಾ. ಅದರ ಮೂಲ ನಿಂಟೆಂಡೊ ಎಂಬುದು ನಮಗೆ ತಿಳಿಯಿತಾದರೂ ಎಷ್ಟೋ ವರ್ಷಗಳ ಮೇಲೆ! ಆಮೇಲೆ ಸೈಬರ್ ಕೆಫೆ. ವಿಜಯನಗರ, ಜಯನಗರದ ಸೈಬರ್‌ಗಳಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದ ಕೈಗಳು ಮೌಸಿಗೆ ಪಳಗಿದವು. ಪಕ್ಕದ ಕುರ್ಚಿಯ ಗೆಳೆಯನನ್ನು ಬಯ್ದುಕೊಂಡು ಆಡುವುದೇ ಆಟ ಎಂದಾಯಿತು. ಅದೇ ಗೆಳೆಯ ಇವತ್ತು ರಾತ್ರಿ ಹತ್ತಕ್ಕೆ ಫೋನಿನಲ್ಲಿ ಬಿಜಿಎಂಐ ಆಟಕ್ಕೆ ಕರೆಯುತ್ತಾನೆ, ಇಲ್ಲವೇ ಕಂಪ್ಯೂಟರಿನಲ್ಲಿ ವ್ಯಾಲರಂಟ್‌ಗೆ. ಎರಡೂ ಸ್ವಿಚ್‌ನಲ್ಲಿಲ್ಲ.

ಬ್ರೆಜಿಲ್‌ನಲ್ಲೂ ಹೀಗೆಯೇ. ಅಲ್ಲಿ ಟೆಕ್‌ಟಾಯ್ ಕಂಪನಿ ನಿಂಟೆಂಡೊದ ಎದುರಾಳಿ ಸೆಗಾದ ಕನ್ಸೋಲುಗಳನ್ನು ಸ್ಥಳೀಯವಾಗಿಯೇ ತಯಾರಿಸಿ ಮಾರಿತು. ಎಷ್ಟೋ ಜನರ ಬಾಲ್ಯಕ್ಕೆ ಅಂಟಿಕೊಂಡ ಹೆಸರು ಸೆಗಾ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಬೇಕು. ಸಂಜೆ ಏಳರಿಂದ ಹತ್ತರವರೆಗೆ ಟಿವಿ ಧಾರಾವಾಹಿಯ ವಶದಲ್ಲಿರುವ ಮನೆ, ತೊಡೆಯ ಮೇಲೆ ಮಲಗಿದ ಮಗು, ಎದ್ದರೆ ಅದೂ ಏಳುತ್ತದೆ. ಇಂಥ ಹೊತ್ತಿನಲ್ಲಿ ಸ್ವಿಚ್ ನಿಜಕ್ಕೂ ವರ. ಬಟನ್ ಒತ್ತಿದರೆ ಆಟ ಅಲ್ಲೇ ನಿದ್ದೆ ಹೋಗುತ್ತದೆ, ಮತ್ತೆ ಒತ್ತಿದರೆ ನಿಂತಲ್ಲಿಂದಲೇ ಏಳುತ್ತದೆ. ಕಂಪ್ಯೂಟರ್ ಗೇಮಿನಲ್ಲಿ ಆ ಸುಖ ಇಲ್ಲ. ಪುಟ್ಟ ಮಕ್ಕಳ ತಂದೆತಾಯಿ ಸ್ವಿಚ್ಚನ್ನು ಹೊಗಳಿದರೆ ನಾನು ವಾದಕ್ಕೆ ಇಳಿಯುವುದಿಲ್ಲ.

ಸ್ವಿಚ್ 2 ಈ ತಕರಾರುಗಳಲ್ಲಿ ಕೆಲವನ್ನು ಕೇಳಿಸಿಕೊಂಡಿದೆ. ಪರದೆ 7.9 ಇಂಚಾಗಿದೆ, ಚಿಪ್ ಬಲವಾಗಿದೆ, ಜಾಯ್‌ಕಾನ್ ಸ್ವಲ್ಪ ಬೆಳೆದಿದೆ. ಜೊತೆಗೆ ತೂಕ 530 ಗ್ರಾಂ ದಾಟಿದೆ, 2025ರಲ್ಲಿ ಬಂದಾಗ ಬೆಲೆ ಅಮೆರಿಕದಲ್ಲೇ 450 ಡಾಲರ್ ಇತ್ತು, ಹೊಸ ಮಾರಿಯೊ ಕಾರ್ಟ್ ಒಂದಕ್ಕೇ 80. ನಮ್ಮಂಥವರಿಗೆಂದೇ ಇಟ್ಟ ಹಾಗೆ ಅದರಲ್ಲೊಂದು ಹೊಸ ಸೌಲಭ್ಯವಿದೆ: ಜಾಯ್‌ಕಾನನ್ನು ಕಳಚಿ, ಮಗ್ಗುಲಾಗಿ ಮೇಜಿನ ಮೇಲೆ ಇಟ್ಟು ಉಜ್ಜಿದರೆ ಅದು ಮೌಸಿನಂತೆ ಕೆಲಸ ಮಾಡುತ್ತದೆ. ಒಳ್ಳೆಯದೇ. ಆದರೆ ಅದಕ್ಕೆ ಮೇಜು ಬೇಕು, ಕುರ್ಚಿ ಬೇಕು. ನನ್ನ ಮನೆಯಲ್ಲಿರುವುದು ಒಂದೇ ಮೇಜು, ಅದರ ಮೇಲೆ ಕಂಪ್ಯೂಟರ್ ಆಗಲೇ ಕೂತಿದೆ.

ನಮಸ್ಕಾರ.