ನೇಪಾಳಕ್ಕೆ ಬಂದ ದುಡ್ಡು, ಮನೆ ತಲುಪಿದ ದುಡ್ಡು

ಕೇಳುಗರಿಗೆ ನಮಸ್ಕಾರ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಮಿ ನಡುಗಿ ಸುಮಾರು 9 ಸಾವಿರ ಜನ ಸತ್ತರು. ಪಶುಪತಿನಾಥನಿಗೆ ಪೂಜೆ ಮಾಡುವ ಭಟ್ಟರು ನಮ್ಮ ಕರಾವಳಿ ಕಡೆಯವರು, ಹಾಗಾಗಿ ಕಠ್ಮಂಡು ನಮಗೆ ಪೂರ್ತಿ ಪರವೂರೇನಲ್ಲ.

ಎರಡು ತಿಂಗಳಲ್ಲೇ ಅಲ್ಲಿ ದಾನಿಗಳ ಸಭೆ ನಡೆಯಿತು. 440 ಕೋಟಿ ಡಾಲರ್ ಕೊಡುತ್ತೇವೆ ಅಂತ ದೇಶಗಳು, ಬ್ಯಾಂಕುಗಳು ಮಾತು ಕೊಟ್ಟವು. ಇದರಲ್ಲಿ ಭಾರತದ್ದು 100 ಕೋಟಿ, ಆದರೆ ಅದರಲ್ಲಿ ಅನುದಾನ ಕಾಲು ಭಾಗ ಮಾತ್ರ, ಉಳಿದದ್ದು ಸಾಲ. ಸುದ್ದಿಯಲ್ಲಿ ಎಲ್ಲವನ್ನೂ ಸೇರಿಸಿ 'ನೆರವು' ಎಂದುಬಿಡುತ್ತಾರೆ. ಸಾಲ ತೀರಿಸಬೇಕಾದವರು ಮನೆ ಬಿದ್ದವರೇ ಅಲ್ವಾ?

ಮಾತು ಕೊಟ್ಟಷ್ಟು ಬೇಗ ಕೆಲಸ ಶುರುವಾಗಲಿಲ್ಲ. ದುಡ್ಡು ಖರ್ಚು ಮಾಡಬೇಕಿದ್ದ ಪುನರ್ನಿರ್ಮಾಣ ಪ್ರಾಧಿಕಾರ ಪಕ್ಷಗಳ ಜಗಳದಲ್ಲಿ ಸಿಕ್ಕಿಕೊಂಡು ಡಿಸೆಂಬರ್ ತನಕ ಕಣ್ಣು ಬಿಡಲಿಲ್ಲ. ಅಷ್ಟರಲ್ಲಿ ಭಾರತದ ಗಡಿಯಲ್ಲಿ ಸರಕು ನಿಂತು ಪೆಟ್ರೋಲು, ಗ್ಯಾಸು, ಔಷಧಿಗೂ ಪರದಾಟ. ಜನ ಒಂದು ಮಳೆಗಾಲ, ಒಂದು ಚಳಿಗಾಲ ತಗಡಿನ ಕೆಳಗೆ ಕಳೆದರು. ಆ ವರ್ಷ ದೇಶದ ಆರ್ಥಿಕ ಬೆಳವಣಿಗೆ ಹೆಚ್ಚುಕಡಿಮೆ ಸೊನ್ನೆಗೆ ಬಂತು.

ಆಮೇಲೆ ಮಾಡಿದ ಒಂದು ಕೆಲಸ ಮಾತ್ರ ನನಗೆ ತುಂಬಾ ಸರಿ ಅನ್ನಿಸುತ್ತದೆ. ಗುತ್ತಿಗೆದಾರರಿಗೆ ಕೊಡುವ ಬದಲು ಮನೆಯವರ ಬ್ಯಾಂಕ್ ಖಾತೆಗೇ ದುಡ್ಡು ಹಾಕಿದರು. ಮೊದಲು 2 ಲಕ್ಷ ನೇಪಾಳಿ ರೂಪಾಯಿ ಅಂದಿದ್ದನ್ನು ಆಮೇಲೆ 3 ಲಕ್ಷ ಮಾಡಿದರು. ಒಪ್ಪಂದಕ್ಕೆ ಸಹಿ ಹಾಕಿದರೆ 50 ಸಾವಿರ, ಪಾಯ ಎದ್ದ ಮೇಲೆ ಒಂದೂವರೆ ಲಕ್ಷ, ಗೋಡೆ ಎದ್ದ ಮೇಲೆ ಉಳಿದ ಲಕ್ಷ. ಪ್ರತಿ ಸಲ ಇಂಜಿನಿಯರ್ ಬಂದು, ಕಲ್ಲುಮಣ್ಣಿನ ಗೋಡೆಯನ್ನು ಸುತ್ತ ಹಿಡಿದಿಡುವ ಅಡ್ಡಪಟ್ಟಿ ಹಾಕಿದ್ದಾರಾ ಅಂತ ನೋಡಬೇಕಿತ್ತು. ಇಲ್ಲದಿದ್ದರೆ ಮುಂದಿನ ಕಂತು ಸಿಗುತ್ತಿರಲಿಲ್ಲ. ಹೀಗಾಗಿ ಹಳ್ಳಿಯವರಿಗೇ ಭೂಕಂಪ ತಡೆಯುವ ಮನೆ ಕಟ್ಟುವ ವಿದ್ಯೆ ಬಂತು. ಗಂಡಸರು ಗಲ್ಫಿಗೂ ಮಲೇಷ್ಯಾಕ್ಕೂ ದುಡಿಯಲು ಹೋಗಿದ್ದ ಊರುಗಳಲ್ಲಿ ಹೆಂಗಸರೂ ಗಾರೆ ಕೆಲಸ ಕಲಿತರು.

ಮುಂದಿನ ವರ್ಷ ಬೆಳವಣಿಗೆ ಜೋರಾಗಿ ಏರಿತು. ಒಳ್ಳೆ ಮಳೆ, ತೆರೆದ ಗಡಿ, ಮನೆ ಕಟ್ಟುವ ಕೆಲಸ, ಮೂರೂ ಸೇರಿದ್ದವು, ನೆರವೊಂದರಿಂದಲೇ ಆಯಿತು ಅನ್ನಲು ಬರುವುದಿಲ್ಲ. ಕಬ್ಬಿಣ, ತಗಡು, ಅವುಗಳ ಕಚ್ಚಾ ಮಾಲು ಬಹುಪಾಲು ಹೊರಗಿನಿಂದಲೇ ಬರಬೇಕಿತ್ತು. ಅಂದರೆ ಬಂದ ದುಡ್ಡಿನಲ್ಲಿ ಒಂದಷ್ಟು ಹಾಗೇ ಗಡಿ ದಾಟಿ ವಾಪಸ್ ಹೋಯಿತು. ಊರಲ್ಲೇ ಉಳಿದದ್ದು ಗಾರೆಯವರ, ಕೂಲಿಯವರ ಸಂಬಳ.

ಮೂರು ಲಕ್ಷಕ್ಕೆ ಮನೆ ಮುಗಿಯಲಿಲ್ಲ ಅನ್ನೋದೂ ನಿಜ. ಎಷ್ಟೋ ಜನ ಬಡ್ಡಿಗೆ ಸಾಲ ತಂದರು. ಅದೂ ಹುಟ್ಟದವರು ಕಂತು ತಪ್ಪಬಾರದೆಂದು ಒಂದೇ ಕೋಣೆ ಕಟ್ಟಿ ನಿಲ್ಲಿಸಿದರು. ಹಳೇ ಮನೆಯಲ್ಲಿ ಅಟ್ಟದ ಮೇಲೆ ಮೆಕ್ಕೆಜೋಳ, ಕೆಳಗೆ ದನ ಇರುತ್ತಿದ್ದವು. ಹೊಸ ಕೋಣೆಯಲ್ಲಿ ಅವಕ್ಕೆ ಜಾಗವಿರಲಿಲ್ಲ, ಅದಕ್ಕೇ ಎಷ್ಟೋ ಮಂದಿ ಪಕ್ಕದಲ್ಲಿ ತಗಡಿನ ಗುಡಿಸಲನ್ನೂ ಹಾಗೇ ಉಳಿಸಿಕೊಂಡರು.